ಆಗಬೋಟಿನ ಟಿಕೇಟು

“ಕ್ರೂಜ್‌ಗೆ ಹೋಗಿ ಬಂದ್ರಂತೆ? ಬುಕಿಂಗ್ ಹ್ಯಾಗೆ ಮಾಡಿದ್ರಿ? ಎಷ್ಟು ಬಿತ್ತು?”

2022ರ ಡಿಸೆಂಬರಿನಲ್ಲಿ ಆಯಿಯನ್ನು ಕರೆದುಕೊಂಡು ಹಡಗಿನಲ್ಲಿ ಕೊಚ್ಚಿಯ ಕಡೆ ಹೋಗಿ ಬಂದಾಗಿನಿಂದ ಡೊಂಬಿವಲಿಯ ನಮ್ಮ ಪರಿಚಯದ ಕನ್ನಡಿಗರೆಲ್ಲ ಈ ಮೂರು ಪ್ರಶ್ನೆ ಕೇಳುತ್ತಲೇ ಇದ್ದಾರೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ, ಲೋಕಲ್ ಟ್ರೇನಿನಲ್ಲಿ ನೇತಾಡುವಾಗ, ಒಮ್ಮೆಯಂತೂ ಬ್ಯಾಂಕಿನ ಕ್ಯೂನಲ್ಲಿ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳಿ ಸುಸ್ತಾಗಿ ಒಂದೇ ಸಲ ಬರೆದುಬಿಡೋಣ ಅಂತ ಕೂತೆ. ಬರೆಯಲು ಕೂತರೆ ಕ್ರೂಜ್ ಬದಿಗೆ ಉಳಿದು ಹಳೇ ಆಗಬೋಟುಗಳೇ ಮುಂದೆ ಬಂದು ನಿಂತವು. ಹೀಗಾಗಿ ಸಲಹೆ ಬೇಕಾದವರು ಇತಿಹಾಸವನ್ನೂ ಸಹಿಸಿಕೊಳ್ಳಬೇಕು. ನಾನು ಇತಿಹಾಸಕಾರನಲ್ಲ, ನಿವೃತ್ತ ಗುಮಾಸ್ತ. ಆದರೆ ಬ್ಯಾಲಾರ್ಡ್ ಎಸ್ಟೇಟಿನಲ್ಲಿ ಇಪ್ಪತ್ತೇಳು ವರ್ಷ ನೌಕರಿ ಮಾಡಿದ್ದೇನೆ. ಮಧ್ಯಾಹ್ನದ ಡಬ್ಬಿ ತಿಂದು ಅಡ್ಡಾಡುವಾಗ ಆ ಕಟ್ಟಡಗಳ ಮೇಲಿನ ಹೆಸರುಗಳನ್ನು ಓದಿ ಓದಿ ಈ ಹುಚ್ಚು ಹಿಡಿದದ್ದು.

ಮೊದಲು ಆಯಿಯ ಕಥೆ ಸ್ವಲ್ಪ ಹೇಳಬೇಕು. ಆಕೆ ಮೊದಲ ಸಲ ಮುಂಬಯಿಗೆ ಬಂದದ್ದು ಕಾರವಾರದಿಂದ ಆಗಬೋಟಿನಲ್ಲಿ. 1949ರ ಸುಮಾರಿಗೆ, ಆಗ ಆಕೆಗೆ ಒಂಬತ್ತು ವರ್ಷ. ಅಜ್ಜ ಪರೇಲಿನ ಗಿರಣಿಯೊಂದರಲ್ಲಿ ಕಾರಕೂನ. ಉತ್ತರ ಕನ್ನಡದವರಿಗೆ ಮುಂಬಯಿ ಯಾಕೆ ಹತ್ತಿರ ಅನ್ನುವುದು ಇಂದಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರದ ಬಂದರಿನ ಮೇಲೂ ಹತ್ತಿಯ ಮೇಲೂ ಅವರ ಕಣ್ಣಿತ್ತು. ಅಮೇರಿಕದಲ್ಲಿ ಆಗ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋಗಿ, ನಮ್ಮ ಹುಬ್ಬಳ್ಳಿ ಧಾರವಾಡದ ಹತ್ತಿಗೆ ಬಂಗಾರದ ಬೆಲೆ. ಕುಮಟಾ ಬಂದರಿನಿಂದ ಹೋಗುತ್ತಿದ್ದ ಆ ಹತ್ತಿಗೆ ವಿಲಾಯಿತಿಯ ಪೇಟೆಯಲ್ಲಿ ‘ಕುಮಟಾ’ ಅಂತಲೇ ಹೆಸರು. ಅಲ್ಲಿಂದ 1956ರವರೆಗೆ ನಮಗೆ ಹೈಕೋರ್ಟು ಮುಂಬಯಿ, ಸೆಕ್ರೆಟರಿಯೇಟು ಮುಂಬಯಿ, ಹೊಟ್ಟೆಪಾಡೂ ಮುಂಬಯಿ. ಆದರೆ ಕಾರವಾರಕ್ಕೆ ರೈಲು ಬಂದದ್ದು ಯಾವಾಗ ಅಂತೀರಿ? ಕೊಂಕಣ ರೈಲ್ವೆಯ ಜೊತೆಗೆ, 1990ರ ದಶಕದಲ್ಲಿ. ಇಡೀ ಮಾರ್ಗ ಮುಗಿದದ್ದು 1998ರ ಜನವರಿ 26ಕ್ಕೆ. ಮಂಗಳೂರಿಗೆ 1907ರಲ್ಲೇ ರೈಲು ಬಂತು ನಿಜ, ಆದರೆ ಅದು ಮದ್ರಾಸಿನ ಕಡೆಯಿಂದ. ಅದನ್ನು ಹಿಡಿದು ಮುಂಬಯಿಗೆ ಬರುವುದೆಂದರೆ ಕೈಯನ್ನು ಕತ್ತಿನ ಸುತ್ತ ತಂದು ಮೂಗು ಹಿಡಿದ ಹಾಗೆ. ಆದ್ದರಿಂದ ಕರಾವಳಿಯವರಿಗೆ ಸಮುದ್ರವೇ ಹೆದ್ದಾರಿ.

ಕಾರವಾರದಲ್ಲಿ ಆಗಬೋಟು ದಂಡೆಗೆ ಬರುತ್ತಿರಲಿಲ್ಲವಂತೆ. ದೂರದಲ್ಲಿ ಲಂಗರು ಹಾಕುತ್ತಿತ್ತು, ಜನ ದೋಣಿಯಲ್ಲಿ ಹೋಗಿ ಏಣಿ ಹತ್ತಬೇಕು. ಅಜ್ಜಿ ದಂಡೆಯ ಮೇಲೆ ನಿಂತು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಅತ್ತದ್ದೇ ಅತ್ತದ್ದಂತೆ. ಅಜ್ಜಿ ಅಷ್ಟು ಅತ್ತದ್ದಕ್ಕೆ ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ. ಡೆಕ್ಕಿನ ಟಿಕೇಟು. ಹೊದಿಕೆ ಹಾಸಿದ್ದೇ ರಿಸರ್ವೇಶನ್. ಯಾರು ಮೊದಲು ಚಾದರ ಹಾಸಿದರೋ ಆ ಜಾಗ ಅವರದ್ದು. ಬುತ್ತಿಯಲ್ಲಿ ಅವಲಕ್ಕಿ, ಬೆಲ್ಲ, ಉಪ್ಪಿನಕಾಯಿ. ವಾಂತಿಯಾದರೆ ಮೂಸಲಿಕ್ಕೆ ಲಿಂಬೆಹಣ್ಣು. ಎಡಗಡೆಗೆ ಬರೀ ನೀರು, ಬಲಗಡೆಗೆ ದಿನವಿಡೀ ಊರು, ಗುಡ್ಡ, ದೇವಸ್ಥಾನದ ಕಳಸ, ರಾತ್ರಿಯಾದರೆ ದೀಪ. ಇದು ಆಯಿಯ ಬಾಯಲ್ಲಿ ನಾನು ನೂರು ಸಲ ಕೇಳಿದ್ದು. ‘ಸಾಯುವುದರೊಳಗೆ ಒಂದ್ಸಲ ಸಮುದ್ರದಿಂದ ಕಾರವಾರ ನೋಡಬೇಕೋ ತಮಾ’ ಅನ್ನುವುದು ಆಕೆಯ ಆಸೆ. ನನ್ನ ಕ್ರೂಜ್ ಬುಕಿಂಗಿಗೆ ಮೂಲ ಇದು.

ಇನ್ನು ಬುಕಿಂಗಿನ ವಿಷಯ. ಹಡಗಿನ ಟಿಕೇಟು ತೆಗೆಯುವವನಿಗೆ ಇರುವ ತಾಪತ್ರಯಗಳೆಲ್ಲ ಒಬ್ಬ ಹದಿನೆಂಟರ ಹುಡುಗನಿಗೆ ಇದೇ ಮುಂಬಯಿಯಲ್ಲಿ 1888ರಲ್ಲಿ ಒಟ್ಟಿಗೇ ಬಂದಿದ್ದವು. ಹುಡುಗನ ಹೆಸರು ಮೋಹನದಾಸ ಕರಮಚಂದ ಗಾಂಧಿ. ಬ್ಯಾರಿಸ್ಟರಿ ಕಲಿಯಲಿಕ್ಕೆ ಹೊರಟು ರಾಜಕೋಟೆಯಿಂದ ಅಣ್ಣನ ಜೊತೆ ಮುಂಬಯಿಗೆ ಬಂದರೆ, ಮಿತ್ರರು ಅಣ್ಣನಿಗೆ ಹೇಳಿದರಂತೆ: ಮಳೆಗಾಲದಲ್ಲಿ ಸಮುದ್ರ ಚೆನ್ನಾಗಿರೋದಿಲ್ಲ, ಹುಡುಗನಿಗೆ ಮೊದಲ ಪ್ರಯಾಣ, ನವೆಂಬರ್ ತನಕ ಕಳಿಸಬೇಡಿ ಅಂತ. ಮತ್ತೊಬ್ಬರು ಈಗಷ್ಟೇ ಒಂದು ಆಗಬೋಟು ಬಿರುಗಾಳಿಗೆ ಮುಳುಗಿತು ಅಂದರು. ಅಣ್ಣ ಹೆದರಿ, ದುಡ್ಡನ್ನು ಮುಂಬಯಿಯಲ್ಲಿದ್ದ ಭಾವನ ಕೈಗೆ ಕೊಟ್ಟು ಊರಿಗೆ ಹೋದರು. ಅಷ್ಟರಲ್ಲಿ ಜಾತಿಯವರು ಸಭೆ ಸೇರಿಸಿ, ಸಮುದ್ರ ದಾಟಿದರೆ ಬಹಿಷ್ಕಾರ ಎಂದರು. ಜಾತಿಗೆ ಹೆದರಿದ ಭಾವ ದುಡ್ಡು ಕೊಡಲಿಲ್ಲ. ಕೊನೆಗೆ ಜುನಾಗಢದ ವಕೀಲರೊಬ್ಬರು ಸೆಪ್ಟೆಂಬರ್ 4ರ ಹಡಗಿಗೆ ಹೋಗುತ್ತಾರೆಂದು ತಿಳಿದು, ಇನ್ನೊಬ್ಬ ಗೆಳೆಯನಿಂದ ಸಾಲ ತಂದು, ಅವರದ್ದೇ ಕ್ಯಾಬಿನ್ನಿನಲ್ಲಿ ಬರ್ತ್ ಹಿಡಿದು, ಪಿ ಅಂಡ್ ಓ ಕಂಪನಿಯ ‘ಕ್ಲೈಡ್’ ಹಡಗು ಹತ್ತಿದರು. ಋತು, ದುಡ್ಡು, ಜೊತೆ, ಕ್ಯಾಬಿನ್. ಇವತ್ತಿಗೂ ಕ್ರೂಜ್ ಬುಕಿಂಗ್ ಅಂದರೆ ಈ ನಾಲ್ಕೇ. ಬಹಿಷ್ಕಾರ ಒಂದು ಕಡಿಮೆಯಾಗಿದೆ ಅಷ್ಟೆ. (ಮೂರು ವರ್ಷ ಬಿಟ್ಟು ಬಂದಾಗ ಅಣ್ಣ ಅವರನ್ನು ನಾಸಿಕಕ್ಕೆ ಕರೆದೊಯ್ದು ಗೋದಾವರಿಯಲ್ಲಿ ಮುಳುಗಿಸಿ, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರಂತೆ. ಅದನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಬೇಕು.)

ಆ ನವೆಂಬರ್ ಸಲಹೆಯ ಬಗ್ಗೆ ಒಂದು ಮಾತು. ಗಾಂಧಿ ಸೆಪ್ಟೆಂಬರಿನಲ್ಲಿ ಹೊರಟು ಕ್ಷೇಮವಾಗಿ ಮುಟ್ಟಿದರು. ಅದೇ ವರ್ಷ ನವೆಂಬರ್ 8ರಂದು, ಹಿರಿಯರೆಲ್ಲ ಕ್ಷೇಮ ಅಂದಿದ್ದ ಆ ತಿಂಗಳಲ್ಲೇ, ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ ‘ವೈತರಣಾ’ ಎಂಬ ಆಗಬೋಟು ಸೌರಾಷ್ಟ್ರದ ಕರಾವಳಿಯಾಚೆ ಚಂಡಮಾರುತಕ್ಕೆ ಸಿಕ್ಕಿ ಕಾಣೆಯಾಯಿತು. ವಿದ್ಯುದ್ದೀಪ ಇದ್ದ ಹೊಸ ಹಡಗು, ಜನ ಅದನ್ನು ‘ವೀಜಳಿ’ ಎನ್ನುತ್ತಿದ್ದರು, ಅಂದರೆ ಮಿಂಚು. ಏಳುನೂರಕ್ಕೂ ಹೆಚ್ಚು ಜನ. ಮುಂಬಯಿ ಯೂನಿವರ್ಸಿಟಿಯ ಮೆಟ್ರಿಕ್ ಪರೀಕ್ಷೆಗೆ ಹೊರಟ ಹುಡುಗರೂ ಅದರಲ್ಲಿದ್ದರು. ಆಮೇಲೆ ವಿಚಾರಣೆಯಾದಾಗ ಹಡಗಿನಲ್ಲಿ ಜೀವರಕ್ಷಕ ದೋಣಿಗಳು ಸಾಲದಿದ್ದದ್ದು ಹೊರಬಂತು.

ಆದ್ದರಿಂದ ಋತುವಿನ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಅರಬ್ಬೀ ಸಮುದ್ರಕ್ಕೆ ವರ್ಷದಲ್ಲಿ ಎರಡು ಸಲ ಸಿಟ್ಟು ಬರುತ್ತದೆ: ಮಳೆಗಾಲಕ್ಕೆ ಮೊದಲು ಮೇ ಜೂನ್, ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರ್ ಮೊದಲ ಪಾದದವರೆಗೆ. 2017ರ ಡಿಸೆಂಬರಿನ ಓಖಿ, 2021ರ ಮೇ ತಿಂಗಳ ತೌಕ್ತೆ ನೆನಪಿರಬೇಕಲ್ಲ. ತೌಕ್ತೆಯಲ್ಲಿ ಮುಂಬಯಿಯ ಹೊರಗೆ ತೈಲಬಾವಿಯ ಕೆಲಸಗಾರರಿದ್ದ ಪಿ 305 ಬಾರ್ಜು ಮುಳುಗಿ ಎಪ್ಪತ್ತಕ್ಕಿಂತ ಹೆಚ್ಚು ಜನ ಹೋದರು. ಪಶ್ಚಿಮ ಕರಾವಳಿಯಲ್ಲಿ ನೀರು ಕೆರೆಯ ಹಾಗೆ ಇರುವುದು ಜನವರಿ, ಫೆಬ್ರವರಿಯಲ್ಲಿ. ದೀಪಾವಳಿ ರಜೆಗೆ ಅಂತ ಅಕ್ಟೋಬರ್ ಟಿಕೇಟು ಅಗ್ಗಕ್ಕೆ ಸಿಕ್ಕರೆ ತೆಗೆಯಬೇಡಿ ಅನ್ನುವುದಿಲ್ಲ. ಈಗ ಹವಾಮಾನ ಇಲಾಖೆ ಮೂರು ದಿನ ಮೊದಲೇ ಹೇಳುತ್ತದೆ, ಹಡಗು ದಾರಿ ಬದಲಿಸುತ್ತದೆ. ಜೀವಕ್ಕೆ ಅಪಾಯವಿಲ್ಲ, ಆದರೆ ನೀವು ನೋಡಬೇಕೆಂದಿದ್ದ ಬಂದರು ತಪ್ಪಬಹುದು. ಬಂದರು ತಪ್ಪಿದರೆ ದುಡ್ಡು ಪೂರ್ತಿ ವಾಪಸ್ಸು ಕೊಡುವ ಪದ್ಧತಿ ಇಲ್ಲ, ಟಿಕೇಟಿನ ಹಿಂದಿನ ಸಣ್ಣ ಅಕ್ಷರಗಳಲ್ಲಿ ಅದು ಬರೆದೇ ಇರುತ್ತದೆ. ಓದಿ.

ಗಾಂಧಿಯ ಪ್ರಯಾಣದಿಂದ ಇನ್ನೊಂದು ಪಾಠ ಕಲಿತೆ. ಇಂಗ್ಲೆಂಡಿನಲ್ಲಿ ಇಳಿಯುವ ದಿನಕ್ಕೆಂದು ಆ ಹುಡುಗ ಜೋಪಾನವಾಗಿ ಬಿಳಿ ಫ್ಲಾನೆಲ್ ಸೂಟು ಎತ್ತಿಟ್ಟಿದ್ದ. ಸೆಪ್ಟೆಂಬರ್ ಕೊನೆ, ಇಳಿದು ನೋಡಿದರೆ ಇಡೀ ದಂಡೆಯಲ್ಲಿ ಬಿಳಿ ಬಟ್ಟೆ ಹಾಕಿದವ ತಾನೊಬ್ಬನೇ. ಬದಲಿಸೋಣವೆಂದರೆ ಪೆಟ್ಟಿಗೆಗಳನ್ನೂ ಬೀಗದ ಕೈಯನ್ನೂ ಗ್ರಿಂಡ್ಲೇ ಕಂಪನಿಯ ಏಜೆಂಟು ಮೊದಲೇ ತೆಗೆದುಕೊಂಡು ಹೋಗಿದ್ದ. ಮರುದಿನ ಭಾನುವಾರ ಬೇರೆ. ಇಂದಿನ ಕ್ರೂಜಿನಲ್ಲೂ ಇದೇ ಆಗುತ್ತದೆ, ನೋಡಿ! ಟರ್ಮಿನಲ್ಲಿನಲ್ಲಿ ನಿಮ್ಮ ದೊಡ್ಡ ಸೂಟ್‌ಕೇಸುಗಳಿಗೆ ಚೀಟಿ ಕಟ್ಟಿ ಒಯ್ಯುತ್ತಾರೆ, ಅದು ಕ್ಯಾಬಿನ್ನಿಗೆ ಬರುವಾಗ ಸಂಜೆಯಾಗಬಹುದು. ಔಷಧಿ, ಕನ್ನಡಕ, ಕಾಗದಪತ್ರ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿ ಇರಲಿ. ಆಯಿಯ ಬಿ.ಪಿ. ಮಾತ್ರೆ ನಾನು ಸೂಟ್‌ಕೇಸಿನಲ್ಲಿ ಹಾಕಿ ರಾತ್ರಿ ಎಂಟರವರೆಗೆ ಕಾದೆ. ಗಾಂಧೀಜಿಯ ಆತ್ಮಕಥೆ ಓದಿಯೂ ಬುದ್ಧಿ ಬಂದಿರಲಿಲ್ಲ.

ಟಿಕೇಟು ತೆಗೆದುಕೊಡುವ ಏಜೆಂಟರ ಇತಿಹಾಸವೂ ಸ್ವಾರಸ್ಯದ್ದು. ಥಾಮಸ್ ಕುಕ್ ಎಂಬ ಇಂಗ್ಲಿಷ್ ಬಡಗಿ, ಮದ್ಯಪಾನ ವಿರೋಧಿ, 1841ರಲ್ಲಿ ಲೆಸ್ಟರಿನಿಂದ ಲಫ್‌ಬರೋಕ್ಕೆ ಪಾನನಿರೋಧದ ಸಭೆಗೆಂದು ರೈಲಿನಲ್ಲಿ ಜನರನ್ನು ಕರೆದುಕೊಂಡು ಹೋದದ್ದು ಶುರು. 1869ರ ನವೆಂಬರ್ 17ಕ್ಕೆ ಸುಯೆಜ್ ಕಾಲುವೆ ತೆರೆಯಿತು, 1872ರಲ್ಲಿ ಕುಕ್ ಒಂದು ಸಣ್ಣ ಗುಂಪು ಕಟ್ಟಿಕೊಂಡು ಭೂಪ್ರದಕ್ಷಿಣೆಗೇ ಹೊರಟ, ಭಾರತಕ್ಕೂ ಬಂದು ಹೋದ. 1881ರಲ್ಲಿ ಮುಂಬಯಿಯಲ್ಲಿ ಅವರ ಆಫೀಸು ತೆರೆಯಿತು. 1886ರಲ್ಲಿ ಸರಕಾರ ಹಜ್ ಯಾತ್ರೆಯ ಏರ್ಪಾಡನ್ನು ಈ ಕಂಪನಿಗೆ ಒಪ್ಪಿಸಿತು. ಯಾಕೆಂದರೆ ಅಲ್ಲಿಯವರೆಗೆ ದಲಾಲರು ಹಡಗಿನಲ್ಲಿ ಜಾಗಕ್ಕಿಂತ ಹೆಚ್ಚು ಜನರನ್ನು ತುಂಬುವುದು, ವಾಪಸ್ಸು ಬರಲು ದುಡ್ಡಿಲ್ಲದೆ ಬಡ ಯಾತ್ರಿಕರು ಜಿದ್ದಾದಲ್ಲಿ ಸಿಕ್ಕಿಕೊಳ್ಳುವುದು ನಡೆದೇ ಇತ್ತು. ಊರಿನ ರೈಲು ಸ್ಟೇಶನ್ನಿನಿಂದ ಜಿದ್ದಾದವರೆಗೆ ಒಂದೇ ಟಿಕೇಟು ಎಂಬುದು ಕುಕ್‌ನ ಯೋಚನೆ. ಆ ವ್ಯವಸ್ಥೆ ಹೆಚ್ಚು ಕಾಲ ನಡೆಯಲಿಲ್ಲ. ಮುಂಬಯಿಯಿಂದ ಹಜ್ ಹಡಗುಗಳು ಮಾತ್ರ 1990ರ ದಶಕದ ನಡುವಿನವರೆಗೂ ಹೋಗುತ್ತಿದ್ದವು, 1995ರಿಂದ ನಿಂತವು. ಕ್ರಾಫರ್ಡ್ ಮಾರ್ಕೆಟಿನ ಹತ್ತಿರದ ಸಾಬೂ ಸಿದ್ದೀಕ್ ಮುಸಾಫಿರಖಾನೆಯ ಮುಂದೆ ಗಂಟುಮೂಟೆ ಸಮೇತ ಕೂತ ಯಾತ್ರಿಕರನ್ನು ನಾನೂ ನೋಡಿದ್ದೇನೆ.

ನನ್ನ ಆಫೀಸಿನ ಪಕ್ಕದ ಮ್ಯಾಕಿನನ್ ಮೆಕೆಂಜಿ ಕಟ್ಟಡವೂ ಇಂಥದ್ದೇ ಒಂದು ಟಿಕೇಟು ಖಿಡಕಿ. ಬ್ರಿಟಿಷ್ ಇಂಡಿಯಾ ಹಡಗು ಕಂಪನಿಯ ಏಜೆಂಟರು, 1914ರಲ್ಲಿ ಆ ಕಂಪನಿ ಪಿ ಅಂಡ್ ಓ ಜೊತೆ ಸೇರಿದ ಮೇಲೆ ಎರಡಕ್ಕೂ ಇವರೇ. ಅಲ್ಲಿಂದ ನಾಲ್ಕು ಹೆಜ್ಜೆಗೆ ಬ್ಯಾಲಾರ್ಡ್ ಪಿಯರ್. ರೈಲು ಹಡಗಿನ ಬುಡದವರೆಗೇ ಬರುತ್ತಿತ್ತು. 1928ರಲ್ಲಿ ಶುರುವಾದ ಫ್ರಂಟಿಯರ್ ಮೇಲ್ ವಿಲಾಯಿತಿಯಿಂದ ಬಂದ ಸಾಹೇಬರನ್ನು ಇಲ್ಲಿಂದಲೇ ಎತ್ತಿಕೊಂಡು ಪೇಶಾವರಕ್ಕೆ ಓಡುತ್ತಿತ್ತು. 1931ರ ಆಗಸ್ಟ್ 29ಕ್ಕೆ ದುಂಡುಮೇಜಿನ ಪರಿಷತ್ತಿಗೆಂದು ಅದೇ ಗಾಂಧಿ ಮುಂಬಯಿಯಿಂದ ‘ರಾಜಪುತಾನಾ’ ಹತ್ತಿದರು, ಎರಡನೇ ದರ್ಜೆಯಲ್ಲಿ, ಹೆಚ್ಚು ಹೊತ್ತು ಡೆಕ್ಕಿನ ಮೇಲೇ. ಸೆಪ್ಟೆಂಬರ್ 11ಕ್ಕೆ ಮಾರ್ಸೇಲ್ಸ್, ಮರುದಿನ ಲಂಡನ್. ನಮ್ಮ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದೂ ಹಡಗಿನಲ್ಲೇ. ‘ಸಮುದ್ರದಾಚೆಯಿಂದ’ ಮತ್ತು ‘ಸಮುದ್ರ ಗೀತೆಗಳು’ ಎರಡೂ ಕನ್ನಡಕ್ಕೆ ದಕ್ಕಿದ್ದು ಆ ಪ್ರಯಾಣದಿಂದ. ವಿಮಾನದಲ್ಲಿ ಹೋಗಿದ್ದರೆ ಊಟದ ಟ್ರೇಯ ಮೇಲೆ ಎಷ್ಟು ಗೀತೆ ಹುಟ್ಟುತ್ತಿತ್ತೋ!

ಈಗ ಕ್ಯಾಬಿನ್. ಇದರಲ್ಲೇ ನಾನು ಮೂರ್ಖನಾದದ್ದು. ಇಂಗ್ಲಿಷಿನ ‘ಪಾಶ್’ ಅನ್ನುವ ಪದ ಗೊತ್ತಲ್ಲ, ಶ್ರೀಮಂತಿಕೆಯ ಠೀವಿಗೆ ಹೇಳುವುದು. ಅದು ಹುಟ್ಟಿದ್ದು ಪಿ ಅಂಡ್ ಓ ಹಡಗಿನ ಟಿಕೇಟಿನಿಂದ ಅಂತ ಒಂದು ಕಥೆ ಇದೆ. ಭಾರತಕ್ಕೆ ಹೋಗುವಾಗ ಎಡಗಡೆಯ ಕ್ಯಾಬಿನ್, ಮರಳುವಾಗ ಬಲಗಡೆಯದ್ದು, ಇಂಗ್ಲಿಷಿನಲ್ಲಿ ಅದರ ಮೊದಲಕ್ಷರಗಳು ಕೂಡಿ ಆ ಪದವಾಯಿತಂತೆ. ಕೆಂಪು ಸಮುದ್ರದಲ್ಲಿ ಹಡಗು ಆಗ್ನೇಯಕ್ಕೆ ಹೋಗುವಾಗ ಮಧ್ಯಾಹ್ನದ ಬಿಸಿಲು ಬಲಗಡೆಗೆ ಹೊಡೆಯುತ್ತದೆ, ಆದ್ದರಿಂದ ದುಡ್ಡಿದ್ದವರು ಎಡಗಡೆ ಹಿಡಿಯುತ್ತಿದ್ದರು ಅನ್ನುವುದು ಸರಿಯೇ. ಆದರೆ ಆ ಅಕ್ಷರ ಒತ್ತಿದ ಒಂದೇ ಒಂದು ಟಿಕೇಟು ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಕಟ್ಟುಕಥೆ. ಮೇಲಾಗಿ ಮುಂಬಯಿಯಿಂದ ಹೊರಡುವ ನಮ್ಮಂಥವರಿಗೆ ಅದು ಉಲ್ಟಾ ಆಗಬೇಕಿತ್ತು ಅಂತ ಯಾರೂ ಯೋಚಿಸಿದ ಹಾಗಿಲ್ಲ.

ನಾನು ಮಾಡಿದ ತಪ್ಪು ಅದೇ. ಆಯಿ ‘ಬಲಗಡೆಗೆ ಊರು’ ಅಂದದ್ದನ್ನು ತಲೆಯಲ್ಲಿಟ್ಟುಕೊಂಡು, ದುಡ್ಡು ಹೆಚ್ಚು ಕೊಟ್ಟು ಬಲಗಡೆಯ ಬಾಲ್ಕನಿ ಕ್ಯಾಬಿನ್ ಬುಕ್ ಮಾಡಿದೆ. ಆಕೆ ಹೇಳಿದ್ದು ಕಾರವಾರದಿಂದ ಮುಂಬಯಿಗೆ, ಉತ್ತರಕ್ಕೆ ಬರುವಾಗಿನ ಮಾತು. ನಾವು ಹೋಗುವುದು ದಕ್ಷಿಣಕ್ಕೆ! ಕರಾವಳಿ ಎಡಗಡೆಗೆ. ಹಡಗು ಹೊರಟು ಅರ್ಧ ಗಂಟೆಯಾದ ಮೇಲೆ ಬಾಲ್ಕನಿಯಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡುತ್ತ ನನಗೆ ಹೊಳೆಯಿತು. ಹೆಂಡತಿ ಮಾತಾಡಲಿಲ್ಲ. ಅದೇ ಹೆಚ್ಚು ಕಷ್ಟ. ಆದ್ದರಿಂದ ಬುಕ್ ಮಾಡುವ ಮೊದಲು ನಕ್ಷೆ ಹರಡಿಕೊಂಡು ಕೂತುಕೊಳ್ಳಿ. ನೋಡಲಿಕ್ಕೆ ಏನೂ ಇಲ್ಲದ ದಾರಿಯಾದರೆ ಬಾಲ್ಕನಿಗೆ ದುಡ್ಡು ಸುರಿಯಬೇಡಿ, ಕಿಟಕಿ ಇದ್ದರೆ ಸಾಕು. ಕಿಟಕಿಯೂ ಇಲ್ಲದ ಒಳಗಿನ ಕ್ಯಾಬಿನ್ ಎಲ್ಲಕ್ಕಿಂತ ಅಗ್ಗ, ಹಗಲೆಲ್ಲ ಡೆಕ್ಕಿನಲ್ಲೇ ಇರುವವರಿಗೆ ಅದೂ ನಡೆದೀತು. ಆದರೆ ವಯಸ್ಸಾದವರಿಗೆ ಬೇಡ, ರಾತ್ರಿ ಎದ್ದರೆ ದಿಕ್ಕು ತಿಳಿಯದೆ ಗಾಬರಿಯಾಗುತ್ತಾರೆ. ತಲೆ ತಿರುಗುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕ್ಯಾಬಿನ್ ಕೇಳಿ. ತೊಟ್ಟಿಲು ತೂಗುವಾಗ ಎರಡು ತುದಿ ಹೆಚ್ಚು ಆಡುತ್ತದೆ, ನಡು ಕಡಿಮೆ. ನೃತ್ಯ, ಡಿಸ್ಕೋ ನಡೆಯುವ ಅಂತಸ್ತಿನ ಕೆಳಗಿನ ಕ್ಯಾಬಿನ್ ಯಾರು ಪುಕ್ಕಟೆ ಕೊಟ್ಟರೂ ಬೇಡ. ಹಡಗಿನ ಬದಿಯಲ್ಲಿ ನೀರಿನೊಳಗೆ ಮೀನಿನ ರೆಕ್ಕೆಯ ಹಾಗೆ ಚಾಚುವ ಸ್ಟೆಬಿಲೈಜರ್ ಬಂದ ಮೇಲೆ ಓಲಾಟ ಬಹಳ ಕಡಿಮೆಯಾಗಿದೆ. ದೊಡ್ಡ ಪ್ರಯಾಣಿಕ ಹಡಗಿಗೆ ಅದನ್ನು ಮೊದಲು ಹಾಕಿದ್ದು 1950ರಲ್ಲಿ, ಪಿ ಅಂಡ್ ಓ ಕಂಪನಿಯ ‘ಚುಸಾನ್’ಗೆ. ಪಾಪ, ಸರಿಯಾಗಿ ಹಡಗುಗಳಿಗೆ ಕಾಲ ಮುಗಿಯುತ್ತ ಬಂದಾಗ.

ಯಾಕೆಂದರೆ 1960ರಲ್ಲಿ ಏರ್ ಇಂಡಿಯಾಕ್ಕೆ ಬೋಯಿಂಗ್ 707 ಜೆಟ್ ಬಂತು. ಎರಡು ವಾರದ ದಾರಿ ಒಂದು ದಿನಕ್ಕಿಳಿಯಿತು. 1967ರಲ್ಲಿ ಯುದ್ಧದಿಂದ ಸುಯೆಜ್ ಮುಚ್ಚಿತು, ತೆರೆದದ್ದು 1975ಕ್ಕೆ. ಅಷ್ಟರೊಳಗೆ ಮುಂಬಯಿ ವಿಲಾಯಿತಿ ನಡುವಿನ ಪ್ರಯಾಣಿಕ ಹಡಗುಗಳ ಕಥೆ ಮುಗಿದಿತ್ತು. ಕೊಲ್ಲಿ ದೇಶಗಳಿಗೆ ಹೋಗುತ್ತಿದ್ದ ‘ದ್ವಾರಕಾ’ 1982ರವರೆಗೆ ಹೇಗೋ ಓಡಿತು. ಭಾವೂಚಾ ಧಕ್ಕಾದಿಂದ ಬೆಳಿಗ್ಗೆ ಹೊರಟು ಮರುದಿನ ಬೆಳಿಗ್ಗೆ ಪಣಜಿ ಮುಟ್ಟಿಸುತ್ತಿದ್ದ ‘ಕೊಂಕಣ ಶಕ್ತಿ’, ‘ಕೊಂಕಣ ಸೇವಕ’ಗಳೂ 1980ರ ದಶಕದ ಕೊನೆಯ ಹೊತ್ತಿಗೆ ಹೋದವು.

ಪ್ರಯಾಣ ಸತ್ತು ವಿಹಾರ ಉಳಿಯಿತು. ವಿಹಾರಕ್ಕೇ ಹಡಗು ಎಂಬ ಯೋಚನೆ ಹೊಸದೇನೂ ಅಲ್ಲ. 1891ರ ಜನವರಿಯಲ್ಲಿ ಜರ್ಮನಿಯ ಆಲ್ಬರ್ಟ್ ಬ್ಯಾಲಿನ್ ಚಳಿಗಾಲದಲ್ಲಿ ಕೆಲಸವಿಲ್ಲದೆ ನಿಂತ ಅಟ್ಲಾಂಟಿಕ್ ಹಡಗು ‘ಆಗಸ್ಟಾ ವಿಕ್ಟೋರಿಯಾ’ವನ್ನು 241 ಪ್ರಯಾಣಿಕರ ಜೊತೆ ಮೆಡಿಟರೇನಿಯನ್ ಸುತ್ತಲು ಕಳಿಸಿದ್ದ. ಇಂದಿನ ಕ್ರೂಜಿಗೆ ಮೂಲಪುರುಷ ಅವನೇ ಎನ್ನಬಹುದು. ಜೆಟ್ ಬಂದ ಮೇಲೆ ಹಡಗು ಕಂಪನಿಗಳಿಗೆ ಬದುಕಲು ಅದೊಂದೇ ದಾರಿ. 1972ರಲ್ಲಿ ಕಾರ್ನಿವಲ್ ಕಂಪನಿಯ ಮೊದಲ ಹಡಗು ‘ಮಾರ್ಡಿ ಗ್ರಾ’ ಮಯಾಮಿಯಿಂದ ಹೊರಟ ಮೊದಲ ದಿನವೇ ಮರಳದಿನ್ನೆಗೆ ಹತ್ತಿ ಕೂತಿತು. ಒಳಗಿದ್ದವರಲ್ಲಿ ಮುನ್ನೂರು ಜನ ಟ್ರಾವೆಲ್ ಏಜೆಂಟರು! ಅಷ್ಟಾದರೂ ಆ ಕಂಪನಿ ಜಗತ್ತಿಗೇ ದೊಡ್ಡದಾಯಿತು. ಏಜೆಂಟರ ಮಾತಿನ ಮೇಲೆ ಎಷ್ಟು ನೆಚ್ಚಬೇಕು ಅನ್ನುವುದನ್ನು ನೀವೇ ಯೋಚಿಸಿ.

ಮುಂಬಯಿಗೆ ಈ ಹೊಸ ಅವತಾರ ಬಂದದ್ದು 2005ರಲ್ಲಿ, ‘ಸೂಪರ್‌ಸ್ಟಾರ್ ಲಿಬ್ರಾ’ ಇಲ್ಲಿಂದ ಗೋವಾ, ಲಕ್ಷದ್ವೀಪಕ್ಕೆ ಓಡತೊಡಗಿದಾಗ. ಕೆಲವು ವರ್ಷಕ್ಕೇ ಹೋಯಿತು. 2018ರ ಅಕ್ಟೋಬರಿನಲ್ಲಿ ಗೋವಾಕ್ಕೆ ‘ಆಂಗ್ರಿಯಾ’, ಕಾನ್ಹೋಜಿ ಆಂಗ್ರೆಯ ಹೆಸರು. 2019ರಲ್ಲಿ ‘ಕರ್ಣಿಕಾ’. 2020ರ ಕೊರೋನಾಕ್ಕೆ ಕರ್ಣಿಕಾದ ಕಂಪನಿ ಮುಚ್ಚಿ, ಹಡಗು ಹರಾಜಾಗಿ ಅದೇ ವರ್ಷ ಅಲಂಗದ ಗುಜರಿಗೆ ಹೋಯಿತು. 2021ರ ಸೆಪ್ಟೆಂಬರಿನಿಂದ ‘ಎಂಪ್ರೆಸ್’. ಬ್ಯಾಲಾರ್ಡ್ ಪಿಯರ್‌ನಲ್ಲಿ 2025ರ ಸೆಪ್ಟೆಂಬರಿನಲ್ಲಿ ದೊಡ್ಡ ಹೊಸ ಟರ್ಮಿನಲ್ಲೂ ಉದ್ಘಾಟನೆಯಾಯಿತು. ಹೀಗೆ ಕಂಪನಿಗಳು ಬರುವುದು ಹೋಗುವುದು ಇದ್ದೇ ಇದೆ, ಆದ್ದರಿಂದ ಒಂದು ವರ್ಷ ಮೊದಲೇ ಪೂರ್ತಿ ದುಡ್ಡು ಕಟ್ಟುವ ಯೋಜನೆಗೆ ಬೀಳಬೇಡಿ. ಮುಂಗಡ ಕೊಟ್ಟು, ಉಳಿದದ್ದನ್ನು ಕೊನೆಯ ದಿನಾಂಕಕ್ಕೆ ಕಟ್ಟಿ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ ತಕರಾರು ಎತ್ತಲಿಕ್ಕಾದರೂ ಒಂದು ದಾರಿ ಇರುತ್ತದೆ.

ಖರ್ಚಿನ ಲೆಕ್ಕ ಹಾಕುವಾಗ ಜಾಹೀರಾತಿನ ಅಂಕಿ ನೋಡಿ ಮರುಳಾಗಬೇಡಿ. ಅದು ಒಂದು ಕ್ಯಾಬಿನ್ನಿನಲ್ಲಿ ಇಬ್ಬರಿದ್ದರೆ ಒಬ್ಬರಿಗೆ ಬೀಳುವ ದರ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರದ್ದೂ ಕೊಡಬೇಕಾದೀತು. ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಬಕ್ಷೀಸು, ಇಂಟರ್ನೆಟ್, ಪಾನೀಯ, ದಂಡೆಯ ಮೇಲಿನ ಪ್ರವಾಸ ಎಲ್ಲ ಬೇರೆ. ಊಟ ಸೇರಿದೆ. ಊಟದ ಬಗ್ಗೆ ನಮ್ಮವರಿಗೆ ಹೆದರಿಕೆ ಬೇಡ. ಚಾಕು ಮುಳ್ಳು ಹಿಡಿಯಲು ನಾಚಿ ಕ್ಯಾಬಿನ್ನಿನಲ್ಲಿ ಕೂತು ಮನೆಯಿಂದ ತಂದ ಸಿಹಿತಿಂಡಿ, ಹಣ್ಣು ತಿನ್ನುತ್ತಿದ್ದ ಆ ಗುಜರಾತಿ ಹುಡುಗನ ಕಾಲ ಈಗಿಲ್ಲ. ಮುಂಬಯಿಯ ಹಡಗುಗಳಲ್ಲಿ ಜೈನರ ಊಟಕ್ಕೇ ಬೇರೆ ಏರ್ಪಾಡು ಇರುತ್ತದೆ. ನಮ್ಮ ಹೆಬ್ಬಾರ ಮಾಮ ಮಾತ್ರ ಹೊಯಿಗೆಯಲ್ಲಿ ಹುರಿದ ಅವಲಕ್ಕಿ ಒಯ್ಯದೆ ಹೋಗುವವರಲ್ಲ. ಒಯ್ಯಲಿ, ಆದರೆ ಹಡಗು ಹತ್ತುವಾಗ ತಪಾಸಣೆಯಲ್ಲಿ ಅದನ್ನು ಬಿಡಿಸಿಟ್ಟರೆ ಜಗಳ ಮಾಡಬಾರದು.

ಸಿಂಗಾಪುರ, ಯುರೋಪಿನ ಕ್ರೂಜಾದರೆ ವೀಸಾ ಜೋಪಾನ. ಹಡಗು ಒಂದು ದೇಶ ಬಿಟ್ಟು ಇನ್ನೊಂದಕ್ಕೆ ಹೋಗಿ ಮತ್ತೆ ಮೊದಲ ದೇಶಕ್ಕೇ ಬರುತ್ತದೆ. ಒಂದೇ ಸಲ ಪ್ರವೇಶಿಸುವ ವೀಸಾ ತೆಗೆದುಕೊಂಡರೆ ಮರಳುವಾಗ ಬಾಗಿಲಲ್ಲೇ ನಿಲ್ಲಬೇಕಾದೀತು. ಲಕ್ಷದ್ವೀಪಕ್ಕೆ ನಮ್ಮ ದೇಶದವರಿಗೂ ಪರವಾನಗಿ ಬೇಕು, ಕಂಪನಿಯವರು ಮಾಡಿಸುತ್ತಾರೋ ಕೇಳಿಕೊಳ್ಳಿ. ಹಡಗು ಹೊರಡುವ ಊರಿಗೆ ಹಿಂದಿನ ದಿನವೇ ಮುಟ್ಟಿ. ಬಂದರಿನಲ್ಲಿ ಇಳಿದು ನಿಮ್ಮದೇ ಟ್ಯಾಕ್ಸಿ ಮಾಡಿಕೊಂಡು ಹೋದರೆ ಅಗ್ಗ, ಆದರೆ ತಡವಾದರೆ ಹಡಗು ನಿಮಗಾಗಿ ನಿಲ್ಲುವುದಿಲ್ಲ. ಪಣಂಬೂರಿನ ಹೊಸ ಬಂದರಿಗೂ ವಿದೇಶಿ ಕ್ರೂಜುಗಳು ಬರುತ್ತವೆ, ಅವರು ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ ನೋಡಿ ಸಂಜೆಗೆ ಓಡೋಡಿ ಬರುವುದನ್ನು ಮಂಗಳೂರಿನ ಮಿತ್ರರು ನೋಡಿದ್ದಾರೆ.

ಹಡಗು ಹತ್ತಿದ ದಿನ ಸುರಕ್ಷತೆಯ ಕವಾಯತಿಗೆ ಕರೆಯುತ್ತಾರೆ. ನಮ್ಮವರು ಆಗ ಬಫೆಯ ಕಡೆ ಹೋಗುತ್ತಾರೆ! ದಯವಿಟ್ಟು ಹಾಗೆ ಮಾಡಬೇಡಿ. 2012ರ ಜನವರಿ 13ರಂದು ಇಟಲಿಯಲ್ಲಿ ‘ಕೋಸ್ಟಾ ಕಾನ್ಕಾರ್ಡಿಯಾ’ ಬಂಡೆಗೆ ಬಡಿದು 32 ಜನ ಸತ್ತಾಗ, ಆ ದಿನವೇ ಹತ್ತಿದ ಅನೇಕರಿಗೆ ಇನ್ನೂ ಕವಾಯತು ಆಗಿರಲಿಲ್ಲ. ಈಗ ಹೊರಡುವ ಮೊದಲೇ ಮಾಡಿಸಬೇಕೆಂಬ ನಿಯಮವಿದೆ.

ಅಜ್ಜಿ ಅತ್ತ ಕಾರಣಕ್ಕೆ ಬರುತ್ತೇನೆ. 1947ರ ಜುಲೈ 17, ಸ್ವಾತಂತ್ರ್ಯಕ್ಕೆ ಇನ್ನೊಂದು ತಿಂಗಳೂ ಇಲ್ಲ, ಆಷಾಢದ ಅಮಾವಾಸ್ಯೆ. ಬೆಳಿಗ್ಗೆ ಎಂಟಕ್ಕೆ ಭಾವೂಚಾ ಧಕ್ಕಾದಿಂದ ರೇವಸಕ್ಕೆ ಹೊರಟ ‘ರಾಮದಾಸ’ ಆಗಬೋಟು, ಹಬ್ಬಕ್ಕೆ ಊರಿಗೆ ಹೊರಟ ಜನ ತುಂಬಿದ್ದು, ಮಳೆಗಾಲದ ಅಲೆಗೆ ಸಿಕ್ಕಿ ಮುಂಬಯಿ ಬಂದರಿನ ಬಾಯಲ್ಲೇ ಮಗುಚಿತು. ಆರುನೂರಕ್ಕೂ ಹೆಚ್ಚು ಜನ ಸತ್ತರು. ಮುಂಬಯಿಗೆ ಸುದ್ದಿ ಮುಟ್ಟಿದ್ದೇ ಎಷ್ಟೋ ಗಂಟೆಯ ಮೇಲೆ. ಉಳಿದವರನ್ನು ಉಳಿಸಿದ್ದು ಆಚೆ ದಂಡೆಯ ಮೀನುಗಾರರು. ಅಜ್ಜನ ಗಿರಣಿಯಲ್ಲಿ ಕೊಂಕಣದವರೇ ಹೆಚ್ಚು, ಅವರ ಖಾತೆಯ ಇಬ್ಬರು ಅದರಲ್ಲಿ ಹೋದರಂತೆ. ಆ ಸುದ್ದಿ ಕಾರವಾರ ಮುಟ್ಟಿದ ಮೇಲೆ ಅಜ್ಜಿ ಸಾಯುವವರೆಗೆ ಆಗಬೋಟು ಹತ್ತಲಿಲ್ಲ. ಮುಂಬಯಿಗೆ ಬರುವುದಾದರೆ ಬಸ್ಸಿನಲ್ಲಿ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ, ಅಲ್ಲಿಂದ ರೈಲು.

ನಮ್ಮ ಕ್ರೂಜ್ ಹಡಗು ಮರುದಿನ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಕಾರವಾರದ ನೇರಕ್ಕೆ ಬಂದಿರಬೇಕು. ಆಯಿಯನ್ನು ಗಾಲಿಕುರ್ಚಿಯಲ್ಲಿ ಎಡಗಡೆಯ ಡೆಕ್ಕಿಗೆ ಕರೆದುಕೊಂಡು ಹೋದೆ. ಕಣ್ಣಿನ ಮೇಲೆ ಕೈ ಇಟ್ಟುಕೊಂಡು ಒಂದು ತಾಸು ನೋಡಿದಳು. ಬರೀ ಮಂಜು, ನೀರು. ಹಳೇ ಆಗಬೋಟು ದಂಡೆ ಹಿಡಿದು ಊರೂರಿಗೆ ನಿಲ್ಲುತ್ತ ಹೋಗುತ್ತಿತ್ತು, ಈ ಹಡಗುಗಳಿಗೆ ದಂಡೆ ಬೇಕಾಗಿಲ್ಲ, ಎಷ್ಟೋ ಮೈಲಿ ಆಚೆ ಹೋಗುತ್ತವೆ. ಇದನ್ನು ಬುಕಿಂಗ್ ಮಾಡುವಾಗ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಡಗಡೆ ಬಲಗಡೆ ಯಾವ ಕ್ಯಾಬಿನ್ ಆಗಿದ್ದರೂ ಅಷ್ಟೇ ಆಗುತ್ತಿತ್ತು. ಚಹಾ ತಂದ ಹುಡುಗ ಸದಾಶಿವಗಡದವ ಅಂತ ಗೊತ್ತಾಗಿ ಆಯಿ ಅವನ ಜೊತೆ ಕೊಂಕಣಿಯಲ್ಲಿ ಸುರು ಮಾಡಿದಳು. ಅವನೂ ಅದನ್ನೇ ಹೇಳಿದ, ಎರಡು ವರ್ಷದಿಂದ ಈ ದಾರಿಯಲ್ಲಿ ಹೋಗುತ್ತೇನೆ, ಒಂದು ಸಲವೂ ಊರು ಕಂಡಿಲ್ಲ ಅಂತ. ಕಂಡಿದ್ದರೆ ಹಾರಿ ಈಜಿಕೊಂಡು ಹೋಗುತ್ತಿದ್ದೆಯೋ ಏನೋ ಅಂದಳು ಆಯಿ. ಉಳಿದ ಪ್ರಯಾಣವೆಲ್ಲ ಅವನು ಕೆಲಸ ಮುಗಿಸಿ ಬಂದು ಆಕೆಯ ಹತ್ತಿರ ಐದು ನಿಮಿಷ ನಿಂತು ಹೋಗುತ್ತಿದ್ದ.

ಮರುವರ್ಷ ಫೆಬ್ರವರಿಯಲ್ಲಿ ಭಾವೂಚಾ ಧಕ್ಕಾದಿಂದ ಮಾಂಡವಾಕ್ಕೆ ಹೋಗುವ ರೋ ರೋ ಫೆರಿ ಹತ್ತಿಸಿದೆ. 2020ರಲ್ಲಿ ಶುರುವಾದದ್ದು, ಒಂದು ತಾಸಿನ ದಾರಿ, ಕಾರು ಸಮೇತ ಹೋಗಬಹುದು. ಬುಕಿಂಗ್ ಸುಲಭ, ಹಿಂದಿನ ದಿನ ಮಾಡಿದರೂ ಸಿಗುತ್ತದೆ, ಶನಿವಾರ ಭಾನುವಾರ ಬಿಟ್ಟು. ಎ.ಸಿ. ಇರುವ ಒಳಗಿನ ಕೋಣೆ ಬೇಡವೆಂದು ಆಯಿ ಮೇಲಿನ ಡೆಕ್ಕಿನಲ್ಲೇ ಕೂತಳು. ಗಾಳಿಗೆ ಸೆರಗು ಹಾರುತ್ತಿತ್ತು. ಎರಡೂ ಕಡೆ ದಂಡೆ ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಕೇಳಿದಳು:

“ರಾಮದಾಸ ಮುಳುಗಿದ್ದು ಎಲ್ಲೋ ತಮಾ?”

“ಇಲ್ಲೇ ಹತ್ತಿರ, ಆಯಿ. ಅಲ್ಲಿ, ಆ ಬಂಡೆಗಳ ಕಡೆ.”

ಸ್ವಲ್ಪ ಹೊತ್ತು ಆ ಕಡೆ ನೋಡಿ ಕೈ ಮುಗಿದಳು. ಆಮೇಲೆ ಪಕ್ಕದಲ್ಲಿ ಹಾದುಹೋಗುತ್ತಿದ್ದ ಫೆರಿಯ ಹುಡುಗನನ್ನು ನಿಲ್ಲಿಸಿ, ಲೈಫ್ ಜಾಕೆಟ್ಟು ಎಲ್ಲಿ ಇಟ್ಟಿದ್ದೀರಿ ಅಂತ ಮರಾಠಿಯಲ್ಲಿ ಕೇಳಿದಳು.